ಆಟದ ಪೆಟ್ಟಿಗೆಯೂ ಕೊಂಡವನ ಅಧಿಕಾರವೂ

ಕ್ರಯಕ್ಕೆ ಕೊಟ್ಟ ವಸ್ತುವಿನ ಮೇಲೆ ಮಾರಿದವನಿಗೆ ಎಷ್ಟು ಕಾಲ ಅಧಿಕಾರವಿರುತ್ತದೆ? ಈ ಪ್ರಶ್ನೆಯು ಹೊಸದಲ್ಲ. ಮನುಸ್ಮೃತಿಯ 8ನೆಯ ಅಧ್ಯಾಯದಲ್ಲಿ ಎಣಿಸಿರುವ 18 ವ್ಯವಹಾರಪದಗಳಲ್ಲಿ ಕ್ರಯವಿಕ್ರಯಾನುಶಯವೆಂಬುದೂ ಒಂದು. ಅನುಶಯವೆಂದರೆ ಮಾಡಿದ ವ್ಯವಹಾರಕ್ಕಾಗಿ ಮರುಗುವುದು. ಕೊಂಡವನಿಗಾಗಲಿ ಮಾರಿದವನಿಗಾಗಲಿ ಮನಸ್ಸು ತಿರುಗಿದರೆ ಹತ್ತು ದಿನಗಳೊಳಗೆ ವ್ಯವಹಾರವನ್ನು ಹಿಂದೆಗೆಯಬಹುದು. ಆ ಮೇಲೆ ಕೊಡತಕ್ಕದ್ದೂ ಅಲ್ಲ, ಕೇಳತಕ್ಕದ್ದೂ ಅಲ್ಲವೆಂದು ಅಲ್ಲಿಯ ವಿಧಿ. ಈ ತಿಂಗಳು ಇದನ್ನು ನಾವು ಸ್ಮರಿಸಲು ಹುಡುಗರ ಆಟದ ಪೆಟ್ಟಿಗೆಯೊಂದು ಕಾರಣವೆಂದರೆ ವಾಚಕ ಮಹಾಶಯರಿಗೆ ಸೋಜಿಗವಾದೀತು.

ಟಿ.ವಿ.ಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್ ಎಂಬುದು ವೇಷ ಮರೆಸಿಕೊಂಡಿರುವ ಕಂಪ್ಯೂಟರೇ ಸರಿ. ಯಾವ ಕಂಪ್ಯೂಟರಿಗಾದರೂ ಆಪರೇಟಿಂಗ್ ಸಿಸ್ಟಂ ಎಂಬುದೊಂದು ಇರಲೇಬೇಕು. ನಮ್ಮ ಶ್ರೀಕಂಠೇಶ್ವರನ ದೇವಾಲಯದಂತಹ ದೊಡ್ಡ ದೇವಸ್ಥಾನದಲ್ಲಿ ಅರ್ಚಕರು, ಪರಿಚಾರಕರು, ಅಡಿಗೆಯವರು, ವಾದ್ಯದವರು ಇವರಿಗೆಲ್ಲ ಕೆಲಸವನ್ನು ಹಂಚುವ ಪಾರುಪತ್ಯಗಾರನು ಹೇಗೋ, ಕಂಪ್ಯೂಟರಿಗೆ ಇದು ಹಾಗೆ. ಆಟದ ಪೆಟ್ಟಿಗೆಯಲ್ಲಿ ತಯಾರಕನು ತನ್ನ ಪಾರುಪತ್ಯಗಾರನನ್ನೇ ಕೂರಿಸಿರುತ್ತಾನೆ. ತಯಾರಕನ ಮುದ್ರೆಯಿಲ್ಲದ ಯಾವ ಆಟವನ್ನೂ ಅವನು ಒಳಕ್ಕೆ ಬಿಡುವುದಿಲ್ಲ.

ಲಿನಕ್ಸ್ ಎಂಬುದು ಇನ್ನೊಂದು ಬಗೆಯ ಪಾರುಪತ್ಯಗಾರ. ಲಿನಸ್ ಟೋರ್ವಾಲ್ಡ್ಸ್ ಎಂಬ ಫಿನ್‌ಲೆಂಡಿನ ವಿದ್ಯಾರ್ಥಿಯು 1991ರಲ್ಲಿ ಇದನ್ನು ಆರಂಭಿಸಿದನು. ಇದರ ಒಳಗುಟ್ಟೆಲ್ಲ ಬಹಿರಂಗ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಜಪಾನಿನ ಸೋನಿ ಕಂಪನಿಯವರು ತಮ್ಮ ಪ್ಲೇಸ್ಟೇಷನ್ 2 ಕನ್ಸೋಲಿಗಾಗಿ ಕೀಬೋರ್ಡು, ಮೌಸು ಮತ್ತು 40 ಜಿ.ಬಿ. ಹಾರ್ಡ್ ಡಿಸ್ಕಿನೊಡನೆ ಲಿನಕ್ಸನ್ನು 2002ರಲ್ಲಿ ಅಮೆರಿಕ, ಯೂರೋಪುಗಳಲ್ಲಿ ತಾವೇ ಮಾರಿದರು. 2006ರಲ್ಲಿ ಬಂದ ಪ್ಲೇಸ್ಟೇಷನ್ 3ರಲ್ಲಂತೂ ಬೇರೆ ಆಪರೇಟಿಂಗ್ ಸಿಸ್ಟಮನ್ನು ಸ್ಥಾಪಿಸುವ ಅವಕಾಶವನ್ನು ಪೆಟ್ಟಿಗೆಯ ಪಟ್ಟಿಯಲ್ಲಿಯೇ ಇಟ್ಟಿದ್ದರು.

ಈ ಪೆಟ್ಟಿಗೆಯ ಹೃದಯವು ಸೋನಿ, ತೋಷಿಬಾ, ಐಬಿಎಂ ಮೂವರೂ ಸೇರಿ ಮಾಡಿದ ಸೆಲ್ ಎಂಬ ಪ್ರೊಸೆಸರ್. ಸ್ಮರಣಶಕ್ತಿ ಕೇವಲ 256 ಎಂ.ಬಿ.; ಚಿತ್ರ ಬಿಡಿಸುವ ಚಿಪ್ಪಿನ ಪೂರ್ಣ ಬಲವನ್ನು ಲಿನಕ್ಸಿಗೆ ಬಿಟ್ಟುಕೊಟ್ಟಿರಲಿಲ್ಲ. ಆದಕಾರಣ ಪತ್ರ ಬರೆಯುವಂತಹ ನಿತ್ಯದ ಕೆಲಸಕ್ಕೆ ಅದು ನಿಧಾನ. ಗಣಿತಕ್ಕೆ ಮಾತ್ರ ಭೀಮಬಲ. ಅಮೆರಿಕದ ಮ್ಯಾಸಚೂಸೆಟ್ಸ್ ಡಾರ್ಟ್‌ಮತ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಗೌರವ್ ಖನ್ನಾ ಅವರು 2007ರಲ್ಲಿ ಇಂತಹ 8 ಪೆಟ್ಟಿಗೆಗಳನ್ನು ಜೋಡಿಸಿ ಕೃಷ್ಣರಂಧ್ರಗಳ ಗಣಿತವನ್ನು ಮಾಡಿದರು. 2010ರಲ್ಲಿ ಅಮೆರಿಕದ ವಾಯುಸೇನೆಯು 1,760 ಪೆಟ್ಟಿಗೆಗಳನ್ನು ಸೇರಿಸಿ, ಸೆಕೆಂಡಿಗೆ ಸುಮಾರು 500 ಲಕ್ಷ ಕೋಟಿ ಲೆಕ್ಕಗಳನ್ನು ಮಾಡಬಲ್ಲ ಮಹಾಗಣಕವನ್ನೇ ಕಟ್ಟಿತು. ಕನ್ನಡಿಗರಿಗೂ ಇದರಲ್ಲಿ ಒಂದು ಅನುಕೂಲವಿತ್ತು. ತಯಾರಕರ ಭಾಷಾಪಟ್ಟಿಯಲ್ಲಿ ಕನ್ನಡವಿರಲಿಲ್ಲ. 1991ರಲ್ಲಿಯೇ ಯುನಿಕೋಡಿನಲ್ಲಿ ಸ್ಥಾನ ಪಡೆದ ನಮ್ಮ ಲಿಪಿಯು ಲಿನಕ್ಸಿನ ಮೂಲಕ ಅದೇ ಪೆಟ್ಟಿಗೆಯನ್ನು ಪ್ರವೇಶಿಸಬಹುದಾಗಿತ್ತು.

ಹೀಗಿರಲು, 2009ರಲ್ಲಿ ಬಂದ ತೆಳು ಮಾದರಿಯಲ್ಲಿ ಈ ಅವಕಾಶವು ಮಾಯವಾಯಿತು. ಅದು ಹೊಸ ಸರಕು. ಬೇಡವಾದವನು ಕೊಳ್ಳದೆ ಇರಬಹುದು. ಆದರೆ 2010ರ ಏಪ್ರಿಲ್ 1ರಂದು ಹೊರಟ 3.21ನೆಯ ಅಪ್‌ಡೇಟು, ಹಿಂದೆಯೇ ಮಾರಿದ ಪೆಟ್ಟಿಗೆಗಳಿಂದಲೂ ಅದನ್ನು ಕಿತ್ತುಹಾಕಿತು. ಅಪ್‌ಡೇಟನ್ನು ಒಲ್ಲದವನಿಗೆ ಸೋನಿಯ ನೆಟ್‌ವರ್ಕೂ ಇಲ್ಲ, ಹೊಸ ಆಟಗಳೂ ಇಲ್ಲ.

ಇಲ್ಲಿ ಪೂರ್ವಪಕ್ಷವನ್ನೂ ಕೇಳತಕ್ಕದ್ದು ನ್ಯಾಯ. ಆರಂಭದಲ್ಲಿ ತಯಾರಕರು ಪೆಟ್ಟಿಗೆಯನ್ನು ವೆಚ್ಚಕ್ಕಿಂತ ಕಡಿಮೆ ಬೆಲೆಗೆ ಮಾರಿ, ಆಟಗಳ ಮಾರಾಟದಿಂದ ನಷ್ಟವನ್ನು ತುಂಬಿಕೊಳ್ಳಬೇಕಾಗಿತ್ತು. ಜಾರ್ಜ್ ಹಾಟ್ಜ್ ಎಂಬ ತರುಣನು 2010ರ ಜನವರಿಯಲ್ಲಿ ಲಿನಕ್ಸಿನ ಮಾರ್ಗವಾಗಿ ಕಾವಲನ್ನು ಭೇದಿಸಿದ್ದನು. ಆಟಗಳ ಕಳ್ಳಪ್ರತಿ ಹರಡೀತೆಂಬ ಭಯವು ನಿರಾಧಾರವೇನೂ ಅಲ್ಲ. ಭದ್ರತೆಯೇ ಕಾರಣವೆಂದು ಕಂಪನಿಯವರೂ ಹೇಳಿದರು.

ಆದರೂ ಸಿದ್ಧಾಂತ ಬೇರೆ. ರಸಬಾಳೆಗೂ ಭತ್ತಕ್ಕೂ ಆಗುವ ಜಮೀನೆಂದು ಹೇಳಿ ನಮ್ಮ ಸೀಮೆಯಲ್ಲೊಬ್ಬನು ಕ್ರಯಪತ್ರ ಬರೆದುಕೊಟ್ಟನೆನ್ನೋಣ. ಮೂರು ವರ್ಷಗಳಾದ ಮೇಲೆ ಅವನೇ ಬಂದು, “ಬಾಳೆಯ ತೋಟದಲ್ಲಿ ಕಳ್ಳರು ಅಡಗುತ್ತಾರೆ; ಬಾಳೆಯನ್ನು ಕೀಳು, ಇಲ್ಲವಾದರೆ ನಾಲೆಯ ನೀರನ್ನು ಕಟ್ಟುತ್ತೇನೆ” ಎಂದರೆ ಒಪ್ಪತಕ್ಕವರು ಯಾರು? ಕಳ್ಳನನ್ನು ಹಿಡಿಯುವುದು ಧರ್ಮ. ಕಳ್ಳನ ನೆಪದಿಂದ ಕೊಂಡವನ ಬೆಳೆಯನ್ನು ಕೀಳುವುದು ಧರ್ಮವಲ್ಲ.

ಬಾಳೆಯನ್ನು ಕಿತ್ತರೂ ಕಳ್ಳನು ನಿಲ್ಲಲಿಲ್ಲ. 2010ರ ಡಿಸೆಂಬರಿನಲ್ಲಿ ಬರ್ಲಿನ್ನಿನ ಸಮ್ಮೇಳನವೊಂದರಲ್ಲಿ ಕೆಲವರು ಕಂಪನಿಯ ಮುದ್ರೆಯ ದೋಷವನ್ನೇ ತೋರಿಸಿದರು. ಪ್ರತಿ ಮುದ್ರೆಗೂ ಹೊಸದೊಂದು ಗುಪ್ತಸಂಖ್ಯೆಯನ್ನು ಬಳಸಬೇಕಾದಲ್ಲಿ ಒಂದೇ ಸಂಖ್ಯೆಯನ್ನು ಮತ್ತೆ ಮತ್ತೆ ಬಳಸಿದ್ದರು. ಅಜ್ಞಾತಗಳು ಎರಡು, ಸಮೀಕರಣಗಳೂ ಎರಡು. ಬೀಜಗಣಿತ ಕಲಿತ ಹೈಸ್ಕೂಲು ಹುಡುಗನಿಗೂ ಇದರ ಮರ್ಮ ತಿಳಿದೀತು. ಕೊಂಡವರು ಹೂಡಿದ ದಾವೆಯು ಅಮೆರಿಕದಲ್ಲಿ ಎಂಟು ವರ್ಷ ನಡೆದು, 2018ರಲ್ಲಿ 37.5 ಲಕ್ಷ ಡಾಲರುಗಳ ರಾಜಿಯಲ್ಲಿ ಮುಗಿಯಿತು. ತಲೆಗೆ ಸಿಗಬಹುದಾಗಿದ್ದುದು ಹೆಚ್ಚೆಂದರೆ 65 ಡಾಲರು.

ಆಟವಾಡದ ನಮ್ಮಂಥವರಿಗೆ ಇದರಿಂದೇನು ಎನ್ನಬೇಡಿರಿ. ಇಂದು ನಮ್ಮ ಟಿ.ವಿ., ಮೊಬೈಲು, ಮೋಟಾರುಗಾಡಿ ಎಲ್ಲದರೊಳಗೂ ತಯಾರಕನ ಪಾರುಪತ್ಯಗಾರನು ಕುಳಿತಿದ್ದಾನೆ; ದೂರದಿಂದಲೇ ಅವನಿಗೆ ಅಪ್ಪಣೆ ಬರುತ್ತದೆ. ಗೃಹಸ್ಥರು ಕೊಳ್ಳುವಾಗಲೇ ಕೇಳತಕ್ಕ ಮಾತುಗಳು ಮೂರು: ಅಪ್‌ಡೇಟು ಎಷ್ಟು ವರ್ಷ ದೊರೆಯುತ್ತದೆ? ಅದನ್ನು ಬೇಡವೆಂದರೆ ಏನು ನಿಲ್ಲುತ್ತದೆ? ತಯಾರಕರು ಕೈಬಿಟ್ಟ ಮೇಲೆ ಬೇರೆ ವ್ಯವಸ್ಥೆಯನ್ನು ಹಾಕಿಕೊಳ್ಳಬಹುದೆ? ರಸೀದಿಯನ್ನೂ ಜಾಹೀರಾತಿನ ಪ್ರತಿಯನ್ನೂ ಜೋಪಾನವಾಗಿಡಿರಿ. ಮೋಸವಾಯಿತೆಂದು ಕಂಡರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ತಿಳಿಸಬಹುದು.

ಮನೆಯ ಹುಡುಗನು ಮೂಲೆಗೆ ಬಿದ್ದ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕುತ್ತೇನೆಂದು ಕುಳಿತರೆ, ಕಾಲಹರಣವೆಂದು ಗದರಿಸಬೇಡಿರಿ. ಒಳಗಿನ ಕಡತಗಳನ್ನು ಮೊದಲು ಬೇರೆಡೆ ಎತ್ತಿಡಲು ಮಾತ್ರ ಹೇಳಿರಿ. ಕೊಂಡ ವಸ್ತುವಿನ ಒಳಗನ್ನು ತಿಳಿದವನೇ ಅದರ ನಿಜವಾದ ಯಜಮಾನ.