ಬಂದದ್ದು ಯಾವಾಗ, ಹೋಗುದು ಯಾವಾಗ?

ನಮ್ಮ ಕಡೆ ಪರವೂರಿನಿಂದ ಬಂದವರನ್ನು ಕಂಡರೆ ಜನ ಕೇಳುವುದು ಎರಡೇ ಪ್ರಶ್ನೆ. ‘ಬಂದದ್ದು ಯಾವಾಗ? ಹೋಗುದು ಯಾವಾಗ?’ ತುಳುವಿನಲ್ಲಾದರೆ ‘ಏಪ ಬತ್ತಿನಿ? ಏಪ ಪೋಪಿನಿ?’ ಎರಡರ ನಡುವೆ ಉಸಿರು ಬಿಡುವಷ್ಟೂ ಜಾಗ ಇರುವುದಿಲ್ಲ. ಇದರಲ್ಲಿ ಕುಹಕವೇನೂ ಇಲ್ಲ. ಊಟಕ್ಕೆ ಕರೆಯಬೇಕಾದರೆ ಎಷ್ಟು ದಿನ ಇರುತ್ತಾರೆ ಅಂತ ಗೊತ್ತಿರಬೇಕಲ್ಲ! ಆದರೆ ಎರಡನೇ ಪ್ರಶ್ನೆಗೆ ಉತ್ತರ ಇಲ್ಲದೆ ಬಂದವರ ಪಾಡು ಬೇರೆ. ‘ಹೋಗುದಿಲ್ಲ, ಇಲ್ಲೇ ಇರುವುದು’ ಅಂದರೆ ಎದುರಿನವರು ಒಂದು ಕ್ಷಣ ಸುಮ್ಮನಾಗುತ್ತಾರೆ. ಆಮೇಲೆ ಸ್ವರ ತಗ್ಗಿಸಿ, ‘ಎಂತ, ಕೆಲಸ ಹೋಯ್ತಾ?’ ಅನ್ನುತ್ತಾರೆ. ಮಗಳಾಗಿದ್ದು, ಮದುವೆಯೂ ಆಗಿಲ್ಲದಿದ್ದರೆ ಸ್ವರ ಇನ್ನಷ್ಟು ತಗ್ಗುತ್ತದೆ.

ನನ್ನ ಕೆಲಸ ಹೋಗಿಲ್ಲ. ಹೋಗುವ ಮೊದಲೇ ಲೆಕ್ಕ ಹಾಕಿ ಬಂದವಳು ನಾನು. ಸುಳ್ಯದಲ್ಲಿ ಬಿ.ಇ. ಮುಗಿಸಿ 2017ರಲ್ಲಿ ಅಮೆರಿಕಕ್ಕೆ ಓದಲು ಹೋದೆ. ಆಮೇಲೆ ಸಿಯಾಟಲ್‌ನಲ್ಲಿ ಕೆಲಸ, ಎಚ್-1ಬಿ ವೀಸಾ. ಅದರ ಆಯುಸ್ಸು ಆರು ವರ್ಷ. ಗ್ರೀನ್ ಕಾರ್ಡಿನ ಅರ್ಜಿ ಒಂದು ಹಂತ ದಾಟಿದರೆ ಮೂರು ಮೂರು ವರ್ಷ ಎಳೆಯುತ್ತಾ ಹೋಗಬಹುದು. ಅಲ್ಲಿನ ಕಾನೂನು ಏನೆಂದರೆ, ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡು ವರ್ಷಕ್ಕೆ ಸುಮಾರು 1,40,000. ಅದರಲ್ಲಿ ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇ. 7ಕ್ಕಿಂತ ಹೆಚ್ಚು ಸಿಗುವುದಿಲ್ಲ, ಬೇರೆಯವರು ಬಿಟ್ಟು ಉಳಿದದ್ದಿದ್ದರೆ ಮಾತ್ರ. ಐಸ್‌ಲ್ಯಾಂಡಿಗೂ ಅದೇ ಏಳು, ನಮಗೂ ಅದೇ ಏಳು. ಹೀಗಾಗಿ ನಮ್ಮವರ ಸಾಲು ದಶಕಗಟ್ಟಲೆ ಉದ್ದ. ಈ ನಡುವೆ ಕೆಲಸ ಹೋದರೆ ಬೇರೆ ಹುಡುಕಿಕೊಳ್ಳಲು 60 ದಿನ. ನಾನು ಒಂದು ರಾತ್ರಿ ಕೂತು ಲೆಕ್ಕ ಹಾಕಿದೆ. ನನ್ನ ಸರದಿ ಬರುವ ಹೊತ್ತಿಗೆ ಅಪ್ಪನಿಗೆ ಎಂಬತ್ತು ದಾಟಿರುತ್ತದೆ. ಅಲ್ಲಿಯವರೆಗೆ ಎರಡು ವರ್ಷಕ್ಕೊಮ್ಮೆ ಮೂರು ವಾರ ಬಂದು ಹೋದರೆ, ನಾನು ಇನ್ನು ಅವರನ್ನು ನೋಡುವುದು ಒಟ್ಟು ಎಷ್ಟು ದಿನ? ಐದು ತಿಂಗಳೂ ಇಲ್ಲ. ಸಾಫ್ಟ್‌ವೇರಿನವರಿಗೆ ಇಂಥ ಗುಣಾಕಾರದ ಚಟ ಇರುತ್ತದೆ. ಮಾಡಿದ ಮೇಲೆ ನಿದ್ದೆ ಬರುವುದಿಲ್ಲ, ಅಷ್ಟೆ.

ಊರಿಗೆ ಬಂದದ್ದೇ ಎಲ್ಲರೂ ‘ಓ, ಮರಳಿ ಮಣ್ಣಿಗೆ!’ ಅಂದರು. ಕಾರಂತರು ಬಹುಕಾಲ ಬದುಕಿದ್ದು ನಮ್ಮ ಪುತ್ತೂರಿನಲ್ಲಿ ನೋಡಿ, ಇಲ್ಲಿ ಯಾರು ವಾಪಸು ಬಂದರೂ 1941ರ ಆ ಕಾದಂಬರಿಯ ಹೆಸರು ತಪ್ಪದು. ಅದರ ರಾಮ ಮದರಾಸು, ಮುಂಬೈ ಕಂಡು ಬಂದವ. ನಾನು ಮಣ್ಣಿಗೆ ಮರಳಿದ್ದೇನೆ ಅಂತ ಹೇಳಿಕೊಳ್ಳುವ ಧೈರ್ಯ ನನಗಿಲ್ಲ. ಮರಳಿದ್ದು ಮಹಡಿಯ ಮೇಲಿನ ಕೋಣೆಗೆ. ಅಡಿಕೆ ಗೋಣಿ ಇಡುತ್ತಿದ್ದ ಕೋಣೆಯಲ್ಲಿ ಈಗ ಮೇಜು, ಎರಡು ಪರದೆ, ಒಂದು ಇನ್ವರ್ಟರ್. ಕಂಪನಿಯವರು ನನ್ನನ್ನು ಬೆಂಗಳೂರು ಶಾಖೆಯ ಲೆಕ್ಕಕ್ಕೆ ಹಾಕಿದರು, ಸಂಬಳ ಮೂರನೇ ಒಂದಕ್ಕೆ ಇಳಿಯಿತು, ಮನೆಯಿಂದಲೇ ಕೆಲಸಕ್ಕೆ ಒಪ್ಪಿದರು. ಸಿಯಾಟಲ್ ತಂಡದ ಬೆಳಗಿನ ಎಂಟು ಗಂಟೆ ನಮಗೆ ರಾತ್ರಿ ಎಂಟೂವರೆ. ನವೆಂಬರಿನಲ್ಲಿ ಅವರು ಗಡಿಯಾರ ಒಂದು ಗಂಟೆ ಹಿಂದೆ ತಿರುಗಿಸುತ್ತಾರೆ, ಆಗ ಒಂಬತ್ತೂವರೆ. ಅಲ್ಲಿ ಯಾರೋ ಗಡಿಯಾರ ತಿರುಗಿಸಿದರೆ ಇಲ್ಲಿ ಈಶ್ವರಮಂಗಲದಲ್ಲಿ ನಮ್ಮಮ್ಮ ಊಟದ ಹೊತ್ತು ಬದಲಿಸಬೇಕು. ‘ಎಂತ ಮರುಳೋ ಅವರಿಗೆ’ ಅಂತ ಅಮ್ಮನ ತೀರ್ಪು.

ಕಾಗದಪತ್ರದ ಸಂಗತಿ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಬಹಳ ಜನ ಕೇಳಿದ್ದಾರೆ. ವಾಪಸು ನೆಲೆಸಲು ಬಂದ ಮೇಲೆ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ. ಬ್ಯಾಂಕಿಗೆ ತಿಳಿಸಿ ನಿವಾಸಿ ಖಾತೆ ಮಾಡಿಸಬೇಕು. ಡಾಲರನ್ನು ಡಾಲರಾಗಿಯೇ ಇಡಬೇಕಾದರೆ ಆರ್‌ಎಫ್‌ಸಿ ಅನ್ನುವ ಖಾತೆ ಇದೆ. ತೆರಿಗೆಯವರ ಲೆಕ್ಕದಲ್ಲಿ ‘ನಿವಾಸಿ, ಆದರೆ ಸಾಮಾನ್ಯ ನಿವಾಸಿ ಅಲ್ಲ’ ಅಂತ ಒಂದು ವಿಚಿತ್ರ ಜಾತಿ ಉಂಟು. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದರೆ, ಅಥವಾ ಹಿಂದಿನ 7 ವರ್ಷಗಳಲ್ಲಿ ಭಾರತದಲ್ಲಿ ಇದ್ದದ್ದು ಒಟ್ಟು 729 ದಿನ ಮೀರದಿದ್ದರೆ ನೀವು ಆ ಜಾತಿ. ಆ ಒಂದೆರಡು ವರ್ಷ ಹೊರದೇಶದ ಬಡ್ಡಿ, ಬಾಡಿಗೆಗೆ ಇಲ್ಲಿ ತೆರಿಗೆ ಬೀಳುವುದಿಲ್ಲ. ಆದರೆ ಇಲ್ಲಿ ಕೂತು ದುಡಿದ ಸಂಬಳಕ್ಕೆ ಬೀಳುತ್ತದೆ, ಕಂಪನಿ ಎಲ್ಲಿಯದೇ ಇರಲಿ. ಇದನ್ನು ಬಹಳ ಜನ ಮರೆಯುತ್ತಾರೆ. ಇನ್ನು ಅಮೆರಿಕದ ಸೋಷಿಯಲ್ ಸೆಕ್ಯುರಿಟಿ: ಪಿಂಚಣಿ ಸಿಗಬೇಕಾದರೆ 40 ಅಂಕ, ಅಂದರೆ ಕನಿಷ್ಠ 10 ವರ್ಷದ ದುಡಿಮೆ. ಜರ್ಮನಿಯಂಥ ಹಲವು ದೇಶಗಳ ಜೊತೆ ಭಾರತಕ್ಕೆ ಈ ಬಗ್ಗೆ ಒಪ್ಪಂದ ಇದೆ, ಅಮೆರಿಕದ ಜೊತೆ ಇಲ್ಲ. ನಾನು ಕಟ್ಟಿದ್ದು ಐದು ವರ್ಷವೂ ಪೂರ್ತಿಯಿಲ್ಲ, ಅದು ಸಮುದ್ರಕ್ಕೆ ಸುರಿದ ಹುಳಿ. 401ಕೆ ಹಣ ಇದೆ, ಆದರೆ ಐವತ್ತೊಂಬತ್ತೂವರೆ ವಯಸ್ಸಿಗೆ ಮೊದಲು ತೆಗೆದರೆ ತೆರಿಗೆಯ ಮೇಲೆ ಶೇ. 10 ದಂಡ. ಮಲಗಿರಲಿ ಅಂತ ಬಿಟ್ಟಿದ್ದೇನೆ.

ಇಷ್ಟೆಲ್ಲ ನಾನು ಓದಿ ತಿಳಿದದ್ದು. ವಾಪಸು ಬರುವುದು ಅಂದರೆ ಏನು ಅಂತ ನಿಜವಾಗಿ ತಿಳಿಸಿದವರು ನಮ್ಮ ಪೇಟೆಯ ಒಬ್ಬ ಅಂಗಡಿಯವರು. ಪುತ್ತೂರಿನಿಂದ ಕಾವು ದಾಟಿ ಬಂದರೆ ನಮ್ಮ ಈಶ್ವರಮಂಗಲ, ಮುಂದೆ ಹೋದರೆ ಗಾಳಿಮುಖ, ಅಲ್ಲಿಂದಾಚೆ ಕೇರಳ. ಈ ಗಡಿಯ ಎರಡೂ ಬದಿಯಲ್ಲಿ ಗಲ್ಫಿಗೆ ಹೋಗದ ಮನೆಗಳನ್ನು ಬೇಕಾದರೆ ಎಣಿಸಬಹುದು. ನಾವು ಅಮೆರಿಕಕ್ಕೆ ಹೋದವರು ವಾಪಸು ಬರುವುದನ್ನು ಏನೋ ಹೊಸ ಆವಿಷ್ಕಾರದ ಹಾಗೆ ಮಾತಾಡುತ್ತೇವೆ. ಇವರು ನಲವತ್ತು ಐವತ್ತು ವರ್ಷದಿಂದ ಅದನ್ನೇ ಮಾಡುತ್ತಾ ಬಂದಿದ್ದಾರೆ.

ಆ ಅಂಗಡಿಯವರು ಮೂರು ಸಲ ವಾಪಸು ಬಂದವರು. ಮೊದಲನೇ ಸಲ 1990ರಲ್ಲಿ. ಇಪ್ಪತ್ತೆರಡರ ಹುಡುಗ, ಕುವೈತಿನಲ್ಲಿ ಬೇಕರಿ ಕೆಲಸ, ಆಗಸ್ಟ್ 2ರಂದು ಇರಾಕಿನ ಸೈನ್ಯ ಬಂತು. ಬಸ್ಸಿನಲ್ಲಿ ಮರುಭೂಮಿ ದಾಟಿ ಜೋರ್ಡಾನಿನ ಅಮ್ಮಾನ್ ತಲುಪಿ, ಅಲ್ಲಿಂದ ಏರ್ ಇಂಡಿಯಾ ವಿಮಾನದಲ್ಲಿ ಮುಂಬೈಗೆ. ಆ ಎರಡು ತಿಂಗಳಲ್ಲಿ ಹಾಗೆ ಬಂದ ಭಾರತೀಯರು ಒಂದೂವರೆ ಲಕ್ಷಕ್ಕೂ ಹೆಚ್ಚು. ಕೈಯಲ್ಲಿ ಇದ್ದದ್ದು ಒಂದು ಚೀಲ, ಮತ್ತೆ ಯಾರೂ ತೆಗೆದುಕೊಳ್ಳದ ಕುವೈತಿ ದಿನಾರು. ಎರಡನೇ ಸಲ ಸೌದಿಯಿಂದ, ತಂಗಿಯ ಮದುವೆ ಮುಗಿಸಿ ಇಲ್ಲೇ ಇರುತ್ತೇನೆ ಅಂತ ಬಂದದ್ದು. ಒಂದೂವರೆ ವರ್ಷಕ್ಕೆ ಹಣ ಮುಗಿದು ಮತ್ತೆ ಹೋದರು. ಮೂರನೇ ಸಲ ಕೊರೊನಾ ಕಾಲದಲ್ಲಿ ದುಬೈಯಿಂದ. 2020ರ ಮೇ 12ಕ್ಕೆ ಮಂಗಳೂರಿಗೆ ಮೊದಲ ವಿಮಾನ ಬಂತಲ್ಲ, ಅದರಲ್ಲಿ ಸೀಟು ಸಿಗದೆ ಮತ್ತೂ ಕೆಲವು ವಾರ ಕಾದು ಬಂದವರು.

‘ನಿಮ್ಮದು ಪರೀಕ್ಷೆ ಬರೆದ ಹಾಗೆ’ ಅಂದರು ಒಂದು ದಿನ, ಸಕ್ಕರೆ ತೂಗುತ್ತಾ. ‘ಬಂದದ್ದು ಸರಿಯಾ, ತಪ್ಪಾ, ಪಾಸಾ, ಫೇಲಾ ಅಂತ. ನಮಗೆ ಹೋಗುವಾಗಲೇ ಗೊತ್ತಿತ್ತು, ಬರ್ಲಿಕ್ಕೆ ಉಂಟು ಅಂತ.’

ನಿಜ. ಗಲ್ಫಿನಲ್ಲಿ ಇಪ್ಪತ್ತೈದು ವರ್ಷ ದುಡಿದರೂ ಸಾಮಾನ್ಯ ಕೆಲಸಗಾರನಿಗೆ ಪೌರತ್ವ ಸಿಗುವುದಿಲ್ಲ. ಧಣಿ ಸಹಿ ಹಾಕಿದರೆ ವೀಸಾ, ಇಲ್ಲದಿದ್ದರೆ ವಿಮಾನ. ಅದು ಅನ್ಯಾಯವೇ, ಅದನ್ನು ಚಂದ ಮಾಡಿ ಹೇಳಬೇಕಿಲ್ಲ. ಆದರೆ ಆ ಅನ್ಯಾಯದಿಂದಲೇ ಅವರು ಒಂದು ವಿದ್ಯೆ ಕಲಿತಿದ್ದಾರೆ. ಮೊದಲ ವರ್ಷದಿಂದಲೇ ಊರಿನಲ್ಲಿ ಒಂದು ಜಾಗ ಹಿಡಿದಿಡುತ್ತಾರೆ. ಮೊದಲು ಐದು ಸೆಂಟ್ಸ್, ಆಮೇಲೆ ಬಾವಿ, ಆಮೇಲೆ ಮನೆಯ ತಳಪಾಯ, ಆಮೇಲೆ ಪೇಟೆಯಲ್ಲಿ ಒಂದು ಕೋಣೆ. ಮದುವೆ ಮುಂಜಿಗೆ ಉಡುಗೊರೆ, ಸತ್ತ ಮನೆಗೆ ಫೋನು, ಯಾವುದೂ ತಪ್ಪುವುದಿಲ್ಲ. ದೇಹ ಅಲ್ಲಿ, ಲೆಕ್ಕಪುಸ್ತಕ ಇಲ್ಲಿ. ನಮ್ಮಂಥವರು ಉಲ್ಟಾ. ಬೆಲ್ವ್ಯೂನಲ್ಲಿ ಮನೆ ಕೊಂಡ ನನ್ನ ಸ್ನೇಹಿತರು ‘ಒಂದು ದಿನ ವಾಪಸು ಹೋಗ್ತೇವೆ’ ಅನ್ನುತ್ತಲೇ ಇರುತ್ತಾರೆ. ಆ ಒಂದು ದಿನಕ್ಕಾಗಿ ಊರಿನಲ್ಲಿ ಒಂದು ತೆಂಗಿನ ಸಸಿ ಕೂಡ ನೆಟ್ಟಿರುವುದಿಲ್ಲ. ವಾಪಸು ಬಂದರೂ ಬೆಂಗಳೂರಿನ ಗೇಟು ಹಾಕಿದ ಬಡಾವಣೆಗೇ. ಅದು ದೇಶಕ್ಕೆ ಬಂದದ್ದು, ಊರಿಗೆ ಬಂದದ್ದಲ್ಲ. ತಪ್ಪೇನಿಲ್ಲ, ಆದರೆ ಎರಡೂ ಒಂದೇ ಅಂತ ತಿಳಿಯಬಾರದು.

ನನ್ನ ಲೆಕ್ಕದಲ್ಲಿ ಇಲ್ಲದ ಒಂದು ಸಂಗತಿ ಅಪ್ಪ. ಮಗಳು ಬಂದದ್ದಕ್ಕೆ ಅಪ್ಪ ಖುಷಿಪಡುತ್ತಾರೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಪ್ಪ ಬಂದವರಿಗೆಲ್ಲ ‘ರಜೆಯಲ್ಲಿ ಬಂದದ್ದು, ನವೆಂಬರಿಗೆ ಹೋಗ್ತಾಳೆ’ ಅನ್ನುತ್ತಿದ್ದರು. ನಾನು ಎದುರು ಕೂತಿದ್ದರೂ! ಎಂಟು ವರ್ಷ ಅವರ ಹತ್ತಿರ ಒಂದು ವಾಕ್ಯ ಇತ್ತು: ‘ಮಗಳು ಅಮೆರಿಕದಲ್ಲಿ’. ಸೊಸೈಟಿಯಲ್ಲಿ, ಮದುವೆ ಮನೆಯಲ್ಲಿ, ಪಂಚಲಿಂಗೇಶ್ವರನ ಜಾತ್ರೆಯಲ್ಲಿ ಆ ವಾಕ್ಯ ಅವರ ಜೊತೆ ನಡೆಯುತ್ತಿತ್ತು. ನಾನು ಬಂದು ಅದನ್ನು ಕಿತ್ತುಕೊಂಡೆ. ಅವರಿಗೆ ನಾನು ಸಿಕ್ಕಿದೆ, ನಿಜ. ಆದರೆ ಆ ವಾಕ್ಯದ ಬದಲಿಗೆ ಏನು ಹೇಳಬೇಕು ಅಂತ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನಾನು ಬಂದಿಳಿದದ್ದು 2025ರ ಜೂನ್ ಮೊದಲ ವಾರ. ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತ್ತು, ವಾಡಿಕೆಗಿಂತ ಒಂದು ವಾರ ಮೊದಲು. ಅಡಿಕೆಯವರಿಗೆ ಇದರ ಅರ್ಥ ಗೊತ್ತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಳೆ ಹಿಡಿಯುವ ಮೊದಲೇ ಗೊನೆಗೆ ಬೀಳಬೇಕು, ಆಮೇಲೆ ಸುಮಾರು ನಲವತ್ತೈದು ದಿನಕ್ಕೆ ಇನ್ನೊಂದು ಸಲ. ನಮ್ಮ ಎರಡೂವರೆ ಎಕರೆಗೆ ಮೊದಲ ಮದ್ದೇ ಬಿದ್ದಿರಲಿಲ್ಲ. ಅಪ್ಪನ ಮೊಣಗಂಟು ಕೈಕೊಟ್ಟಿತ್ತು, ಮರ ಹತ್ತುವವರು ಸಿಕ್ಕಿರಲಿಲ್ಲ. ನಾನು ಕಾರ್ಬನ್ ಫೈಬರ್ ದೋಟಿಯಲ್ಲಿ ಕೆಳಗೆ ನಿಂತೇ ಮದ್ದು ಬಿಡುವ ಹುಡುಗರನ್ನು ಹುಡುಕಿದೆ. ಸುಳ್ಯದ ಕಡೆಯಿಂದ ಇಬ್ಬರು, ಮಳೆ ಬಿಟ್ಟ ದಿನ ಬರುತ್ತೇವೆ ಅಂದರು. ಅಪ್ಪ ಕೇಳಿ, ‘ನೀನು ಹೋಗುವವಳು, ನಿನಗೆ ಯಾಕೆ ಇದೆಲ್ಲ’ ಅಂದರು.

ಸಿಟ್ಟಿನ ಮಾತಲ್ಲ ಅದು. ಆದರೆ ಇಡೀ ಒಂದು ವಾರ ಅದು ನನ್ನ ತಲೆಯಲ್ಲಿ ಕೂತಿತ್ತು.

ಹುಡುಗರು ಬಂದರು. 200 ಲೀಟರಿನ ಡ್ರಮ್ಮಿಗೆ ಎರಡು ಕಿಲೊ ಮೈಲುತುತ್ತು, ಎರಡು ಕಿಲೊ ಸುಣ್ಣ, ಬೇರೆ ಬೇರೆ ಕರಗಿಸಿ ಬೆರೆಸುವುದು. ನಾನು ಪಿಎಚ್ ಕಾಗದ ತರಿಸಿಟ್ಟಿದ್ದೆ. ಅಪ್ಪ ಅದನ್ನು ನೋಡಿದರು, ಏನೂ ಹೇಳಲಿಲ್ಲ. ಒಳಗೆ ಹೋಗಿ ಕತ್ತಿ ತಂದು ಡ್ರಮ್ಮಿನಲ್ಲಿ ಅದ್ದಿ ಎತ್ತಿದರು. ಕಬ್ಬಿಣಕ್ಕೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ ಲೆಕ್ಕ. ಹಿಡಿಯಿತು. ಸುಣ್ಣ ಹಾಕಿದೆವು, ಕಾಗದವೂ ಅದನ್ನೇ ಹೇಳಿತು. ಕೆಲಸದವರು ಇವತ್ತಿಗೂ ನನ್ನನ್ನು ಕೇಳುವುದಿಲ್ಲ, ಅಪ್ಪನನ್ನೇ ಕೇಳುತ್ತಾರೆ. ಸಂಬಳ ಕೊಡುವುದು ನಾನಾದರೂ ಎಣಿಸಿ ತೆಗೆದುಕೊಂಡು ಅಪ್ಪನ ಮುಖ ನೋಡಿ ತಲೆ ಆಡಿಸಿ ಹೋಗುತ್ತಾರೆ. ಆ ಮಳೆಗಾಲದಲ್ಲಿ ಒಂದು ಪಾಲು ಅಡಿಕೆ ಕೊಳೆತು ಬಿತ್ತು, ಉಳಿದದ್ದು ಉಳಿಯಿತು. ಚಾಲಿ ಒಣಗಿಸುವಾಗ ಅಂಗಳಕ್ಕೆ ಬಂದವರು ಯಾರೋ ಅದೇ ಎರಡನೇ ಪ್ರಶ್ನೆ ಕೇಳಿದರು. ನವೆಂಬರ್ ಕಳೆದಾಗಿತ್ತು. ಅಪ್ಪ ಅಡಿಕೆ ಮಗುಚುತ್ತಾ, ‘ನೋಡ್ಬೇಕು, ಮಾರ್ಚಿಗೆ’ ಅಂದರು. ನಾನು ತಿದ್ದಲಿಲ್ಲ. ಮಾರ್ಚಿಗೆ ಅವರೇ ಇನ್ನೊಂದು ತಿಂಗಳು ಹುಡುಕಿಕೊಳ್ಳುತ್ತಾರೆ.

ಪಕ್ಕದ ತೋಟ ಮಾರುತ್ತೇವೆ ಅಂತ ಮಾತಾಡಿದ್ದವರು ಹೋದ ವಾರ ನನ್ನ ಹತ್ತಿರ ಬಂದು, ಅವರ ಮಗ ಕೂಡ ಟೊರಾಂಟೊದಿಂದ ಬರುವ ಯೋಚನೆಯಲ್ಲಿದ್ದಾನೆ, ನೀನೊಮ್ಮೆ ಮಾತಾಡು ಅಂದರು. ಮಾತಾಡಿದೆ. ಅವನ ಪ್ಲಾನು ಡಿಸೆಂಬರಿನಲ್ಲಿ ಒಂದು ತಿಂಗಳು ‘ಟ್ರಯಲ್’ ಬಂದು ನೋಡುವುದು. ಬೇಡ ಅಂದೆ. ಡಿಸೆಂಬರಿನಲ್ಲಿ ನಮ್ಮ ಊರು ಎಲ್ಲರಿಗೂ ಚಂದ. ಚಳಿ ಹಿತ, ರಾತ್ರಿ ಯಕ್ಷಗಾನ, ದಿನಕ್ಕೊಂದು ಊಟ, ನೆಂಟರೆಲ್ಲ ಊರಲ್ಲಿ. ಆಗ ಬಂದು ನೋಡಿದವರು ಜೂನಿನಲ್ಲಿ ಓಡಿಹೋಗುತ್ತಾರೆ. ಬರುವುದಾದರೆ ಜುಲೈಯಲ್ಲಿ ಬಾ. ಬಟ್ಟೆ ಐದು ದಿನ ಒಣಗದಿರುವಾಗ, ಚಪ್ಪಲಿಗೆ ಬೂಷ್ಟು ಹಿಡಿಯುವಾಗ, ಅಡಿಕೆ ಸೋಗೆ ಬಿದ್ದು ಇಂಟರ್ನೆಟ್ಟಿನ ಕೇಬಲ್ ತುಂಡಾಗಿ ನಡುರಾತ್ರಿ ಮೀಟಿಂಗಿನಿಂದ ನೀನು ಮಾಯವಾಗುವಾಗ, ಅಪ್ಪ ಅಮ್ಮನಿಗೆ ಜ್ವರ ಬಂದು ಪುತ್ತೂರಿನ ಆಸ್ಪತ್ರೆಗೆ ಆ ಮಳೆಯಲ್ಲಿ ಕಾರು ಓಡಿಸುವಾಗ. ಅದು ಆದೀತು ಅಂತ ಕಂಡರೆ ಆಮೇಲೆ ಅಲ್ಲಿಯ ಕಾರು ಮಾರು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಜುಲೈಯಲ್ಲಿ ಟಿಕೆಟ್ಟೂ ದುಬಾರಿ ಅಂದ. ಹೌದು, ದುಬಾರಿಯೇ. ಮೇ ತಿಂಗಳಲ್ಲಿ ಬರಲಾ ಅಂತ ಕೇಳಿದ. ಮೇ ತಿಂಗಳು ಮಾತ್ರ ಬೇಡ ಮಾರಾಯ, ಮದ್ದು ಬಿಡುವ ಗಡಿಬಿಡಿ, ಯಾರೂ ಮಾತಿಗೆ ಸಿಗುವುದಿಲ್ಲ ಅಂದೆ.