ಶಾಲು ಹೊದಿಸಿದ್ದು ಸಾಕು, ನಾಟಿ ವೈದ್ಯರಿಗೆ ಒಂದು ಗೆರೆ ಎಳೆಯಿರಿ

ಹೋದ ವರ್ಷ ನಮ್ಮ ತಂಡದ ಒಬ್ಬರ ನೆಂಟರ ಹುಡುಗ ಚನ್ನರಾಯಪಟ್ಟಣ ತಾಲ್ಲೂಕಿನ ತೋಟವೊಂದರಲ್ಲಿ ತೆಂಗಿನ ಮರದಿಂದ ಬಿದ್ದ. ಮೊಣಕೈ ಊದಿಕೊಂಡಿತ್ತು. ಮನೆಯವರು ಆಸ್ಪತ್ರೆಗೆ ಹೋಗದೆ ಅರಕಲಗೂಡು ಕಡೆಯ ಮೂಳೆ ಕಟ್ಟುವ ಅಜ್ಜನ ಹತ್ತಿರ ಕರೆದುಕೊಂಡು ಹೋದರು. ಅಜ್ಜ ಕೈ ಮುಟ್ಟಿ ನೋಡಿದರು. ಬೆರಳು ಅಲ್ಲಾಡಿಸು ಅಂದರು. ಉಗುರು ಒತ್ತಿ ಬಣ್ಣ ನೋಡಿದರು. ಆಮೇಲೆ, "ಇದು ನನ್ ಕೈಲಾಗಲ್ಲ ಕಣಪ್ಪ. ತಡ ಮಾಡಬೇಡಿ, ಹಾಸನಕ್ಕೆ ಕರ್ಕೊಂಡೋಗಿ ಎಕ್ಸ್‌ರೇ ತೆಗೆಸಿ" ಅಂದರು. ದುಡ್ಡು ಮುಟ್ಟಲಿಲ್ಲ. ಹುಡುಗನಿಗೆ ಆಪರೇಷನ್ ಆಯಿತು, ಕೈ ಉಳಿಯಿತು.

ಅದೇ ಸುಮಾರಿಗೆ ಹೊಳೆನರಸೀಪುರ ಕಡೆ ಕೂಲಿ ಮಾಡುವ ಒಬ್ಬ ಹೆಂಗಸು ಗದ್ದೆ ಬದುವಿನಲ್ಲಿ ಜಾರಿ ಮುಂಗೈ ಮುರಿದುಕೊಂಡರು. ಅವರಿಗೆ ಕಟ್ಟು ಹಾಕಿದವರು ಬೇರೆಯವರು. ಬಿದಿರು ದಬ್ಬೆ ಇಟ್ಟು ಬಿಗಿಯಾಗಿ ಸುತ್ತಿ, "ಹದಿನೈದು ದಿನ ಬಿಚ್ಚಬೇಡಿ" ಅಂದರು. ಎರಡನೇ ದಿನ ಬೆರಳು ಮರಗಟ್ಟಿದವು. ಕೇಳಿದರೆ, "ಮದ್ದು ಹಿಡೀತಾ ಇದೆ, ಸುಮ್ಮನಿರಿ" ಎಂಬ ಉತ್ತರ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎರಡು ಬೆರಳು ಕಪ್ಪಾಗಿದ್ದವು. ಅವನ್ನು ತೆಗೆಯಬೇಕಾಯಿತು.

ಈ ಇಬ್ಬರು ಕಟ್ಟು ಕಟ್ಟುವವರೂ ನಮ್ಮ ಕಾನೂನಿನ ಕಣ್ಣಿಗೆ ಒಂದೇ. ಇಬ್ಬರಿಗೂ ನೋಂದಣಿ ಇಲ್ಲ, ಇಬ್ಬರನ್ನೂ ಯಾರೂ ಪರೀಕ್ಷೆ ಮಾಡಿಲ್ಲ. ಮೊದಲನೆಯವರನ್ನು ಗುರುತಿಸಲು ದಾರಿಯಿಲ್ಲ, ಎರಡನೆಯವರನ್ನು ಬೆರಳು ಹೋಗುವ ಮೊದಲೇ ತಡೆಯಲೂ ದಾರಿಯಿಲ್ಲ. ನಮ್ಮ ತಕರಾರು ಇದೇ.

ಒಂದು ಕೈಯಲ್ಲಿ ಶಾಲು, ಇನ್ನೊಂದು ಕೈಯಲ್ಲಿ ನೋಟಿಸ್

2018ನೇ ಇಸವಿಯನ್ನು ನೆನಪು ಮಾಡಿಕೊಳ್ಳಿ. ಪಕ್ಕದ ತುಮಕೂರು ಜಿಲ್ಲೆ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ ಆ ವರ್ಷ ಪದ್ಮಶ್ರೀ ಬಂತು. 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ತಾಯಿ. ಅವರು ಯಾವ ಕಾಲೇಜಿನ ಮೆಟ್ಟಿಲೂ ಹತ್ತಿದವರಲ್ಲ. ರಾಷ್ಟ್ರಪತಿ ಭವನದಲ್ಲಿ ಅವರನ್ನು ಕಂಡು ನಾವೆಲ್ಲ ಹೆಮ್ಮೆ ಪಟ್ಟೆವು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಅದೇ 2018ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಕೇರಳದ ಪಾರಂಪರಿಕ ವೈದ್ಯರು ತಮಗೆ ಚಿಕಿತ್ಸೆ ಕೊಡುವ ಹಕ್ಕು ಬೇಕು ಎಂದು ಕೋರ್ಟಿಗೆ ಹೋಗಿದ್ದರು. ಮಾನ್ಯತೆ ಪಡೆದ ವಿದ್ಯಾರ್ಹತೆ ಮತ್ತು ನೋಂದಣಿ ಇಲ್ಲದವರು ವೈದ್ಯ ವೃತ್ತಿ ನಡೆಸುವಂತಿಲ್ಲ ಎಂದು ಕೋರ್ಟ್ ಹೇಳಿತು. ತಾತ ಮುತ್ತಾತನಿಂದ ಬಂದ ವಿದ್ಯೆ ಎಂಬುದು ಲೈಸೆನ್ಸ್ ಆಗುವುದಿಲ್ಲ ಎಂಬುದೇ ಅದರ ಸಾರ.

ಹೀಗೆ ಒಂದೇ ವರ್ಷದಲ್ಲಿ ವೇದಿಕೆ ಮೇಲೆ ಸನ್ಮಾನವೂ ಸಿಕ್ಕಿತು, ಕಾಗದದ ಮೇಲೆ ನಿಷೇಧವೂ ಬಂತು. ನಮ್ಮೂರಿನಲ್ಲೂ ನಡೆಯುವುದು ಇದೇ. ಪಾರಂಪರಿಕ ವೈದ್ಯರ ಸಮ್ಮೇಳನಕ್ಕೆ ಬಂದು ಹಾರ, ಶಾಲು, ಹಣ್ಣಿನ ತಟ್ಟೆ ಕೊಟ್ಟು ಭಾಷಣ ಮಾಡುವವರು ವಿಧಾನಸೌಧಕ್ಕೆ ಹೋದ ಮೇಲೆ ಒಂದು ಸಾಲು ಕಾನೂನು ಬರೆಯುವುದಿಲ್ಲ. ಅತ್ತ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದೆ ಕ್ಲಿನಿಕ್ ನಡೆಸುವಂತಿಲ್ಲ. ಯಾರಾದರೂ ದೂರು ಕೊಟ್ಟ ದಿನ ಅಧಿಕಾರಿಗಳು ಬಂದು ಬೀಗ ಹಾಕುತ್ತಾರೆ. ದೂರು ಬರುವ ತನಕ ಎಲ್ಲರೂ ಕಣ್ಣು ಮುಚ್ಚಿಕೊಂಡಿರುತ್ತಾರೆ.

ಕೋರ್ಟನ್ನು ನಾವು ದೂರುವುದಿಲ್ಲ. ಬರೆದಿರುವ ಕಾನೂನನ್ನು ಕೋರ್ಟು ಓದಿ ಹೇಳುತ್ತದೆ, ಹೊಸದಾಗಿ ಬರೆಯಬೇಕಾದವರು ಸರ್ಕಾರದವರು. ಹಿಂದೆ ಬರೆದದ್ದೂ ಉಂಟು. 1970ರ ಕೇಂದ್ರ ಕಾಯ್ದೆ ಭಾರತೀಯ ವೈದ್ಯ ಪದ್ಧತಿಗಳಿಗೆ ಕಾಲೇಜು, ಡಿಗ್ರಿ, ನೋಂದಣಿ ತಂದಾಗ, ರಾಜ್ಯದ ನೋಂದಣಿ ಪುಸ್ತಕವೇ ಇಲ್ಲದ ಕಡೆ ಕನಿಷ್ಠ 5 ವರ್ಷದಿಂದ ಔಷಧಿ ಕೊಡುತ್ತಿದ್ದವರು ಮುಂದುವರಿಯಬಹುದು ಎಂದಿತ್ತು. ಅಂದರೆ ಅಂದಿನವರಿಗೆ ಒಂದು ಕಿಂಡಿ ಬಿಟ್ಟಿದ್ದರು. ಮೊಮ್ಮಕ್ಕಳ ಕಾಲಕ್ಕೆ ಏನು ಎಂಬುದನ್ನು ಯಾರೂ ಯೋಚಿಸಲಿಲ್ಲ.

ಇಂದು ಇರುವ ದಾರಿ ಒಂದೇ. ನೀಟ್ ಪರೀಕ್ಷೆ ಬರೆದು, ಹಾಸನದ ತಣ್ಣೀರುಹಳ್ಳದಲ್ಲಿರುವ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜಿನಂಥ ಕಡೆ ಸೀಟು ಪಡೆದು, ನಾಲ್ಕೂವರೆ ವರ್ಷ ಓದಿ, ಒಂದು ವರ್ಷ ಇಂಟರ್ನ್‌ಶಿಪ್ ಮುಗಿಸಬೇಕು. ಡಾಕ್ಟರಾಗುವವರಿಗೆ ಅದು ಸರಿಯಾದ ದಾರಿ. ಆದರೆ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ನಲವತ್ತು ವರ್ಷ ಮೂಳೆ ಕೂಡಿಸಿದ ಅರಕಲಗೂಡಿನ ಅಜ್ಜನಿಗೆ ಅದು ದಾರಿಯಲ್ಲ. ಅವರು ಡಾಕ್ಟರ್ ಆಗಬೇಕೆಂದು ಕೇಳುತ್ತಲೂ ಇಲ್ಲ.

ಚೀನಾದ ಸೂಜಿ ಯುರೋಪಿಗೆ ಹೋದಾಗ

ಇದೇ ತಲೆನೋವು ಯುರೋಪಿನವರಿಗೂ ಬಂತು. ಚೀನಾದ ಸೂಜಿ ಚಿಕಿತ್ಸೆ, ಬೇರು ನಾರಿನ ಕಷಾಯ ಅಲ್ಲಿಗೆ ಹೋದವು. ಜನ ಹುಡುಕಿಕೊಂಡು ಹೋಗತೊಡಗಿದರು. ಕೊಡುವವರಿಗೆ ಅಲ್ಲಿನ ಡಾಕ್ಟರ್ ಡಿಗ್ರಿ ಇಲ್ಲ. ಏನು ಮಾಡುವುದು?

ಜರ್ಮನಿಯಲ್ಲಿ 1939ರಿಂದಲೇ ಒಂದು ಕಾಯ್ದೆ ಇದೆ. ಡಾಕ್ಟರಲ್ಲದವರು ಚಿಕಿತ್ಸೆ ಕೊಡಬೇಕಾದರೆ ಸರ್ಕಾರಿ ಆರೋಗ್ಯ ಇಲಾಖೆಯ ಪರೀಕ್ಷೆ ಪಾಸಾಗಬೇಕು. ಆ ಪರೀಕ್ಷೆಯ ಮುಖ್ಯ ಉದ್ದೇಶ, ಈ ಮನುಷ್ಯನಿಂದ ಜನರ ಆರೋಗ್ಯಕ್ಕೆ ಅಪಾಯ ಇದೆಯೇ ಎಂದು ನೋಡುವುದು. ತನ್ನ ಕೈ ಮೀರಿದ ಕಾಯಿಲೆಯನ್ನು ಗುರುತಿಸಿ ಡಾಕ್ಟರ ಹತ್ತಿರ ಕಳಿಸಲು ಗೊತ್ತಿರಬೇಕು. ಪಾಸಾದ ಮೇಲೂ ಹೆರಿಗೆ ಮಾಡಿಸುವಂತಿಲ್ಲ, ಹಲ್ಲು ಕೀಳುವಂತಿಲ್ಲ, ಡಾಕ್ಟರ ಚೀಟಿ ಬೇಕಾದ ಮಾತ್ರೆ ಬರೆಯುವಂತಿಲ್ಲ, ಕೆಲವು ಸಾಂಕ್ರಾಮಿಕ ರೋಗಗಳನ್ನು ಮುಟ್ಟುವಂತಿಲ್ಲ. ಚೀನೀ ಸೂಜಿ ಚಿಕಿತ್ಸೆ ಕೊಡುವ ಎಷ್ಟೋ ಜನ ಅಲ್ಲಿ ಈ ಬಾಗಿಲಿನಿಂದಲೇ ಒಳಗೆ ಬಂದವರು.

ಸ್ವಿಟ್ಜರ್ಲೆಂಡಿನವರು 2009ರ ಮೇ ತಿಂಗಳಲ್ಲಿ ಪರ್ಯಾಯ ವೈದ್ಯದ ಬಗ್ಗೆ ಜನರ ವೋಟನ್ನೇ ಕೇಳಿದರು. ನೂರಕ್ಕೆ 67ರಷ್ಟು ಮತ ಪರವಾಗಿ ಬಿತ್ತು. 2015ರಲ್ಲಿ ದೇಶದ ಮಟ್ಟದ ಡಿಪ್ಲೊಮಾ ಪರೀಕ್ಷೆ ಬಂತು. ಅದರ ನಾಲ್ಕು ವಿಭಾಗಗಳಲ್ಲಿ ಚೀನೀ ವೈದ್ಯ ಒಂದು, ನಮ್ಮ ಆಯುರ್ವೇದ ಇನ್ನೊಂದು. ಪೋರ್ಚುಗಲ್ 2013ರಲ್ಲಿ ಚೀನೀ ವೈದ್ಯವೂ ಸೇರಿ ಏಳು ಪದ್ಧತಿಗಳಿಗೆ ಕಾನೂನಿನ ಚೌಕಟ್ಟು ಹಾಕಿತು.

ಅಲ್ಲಿ ಎಲ್ಲ ಚೆನ್ನಾಗಿದೆ ಎಂದು ನಾವು ಹೇಳುತ್ತಿಲ್ಲ. 2016ರಲ್ಲಿ ಜರ್ಮನಿಯಲ್ಲಿ ಹೀಗೆ ಅನುಮತಿ ಪಡೆದವನೊಬ್ಬನ ಚಿಕಿತ್ಸೆಯ ನಂತರ ಮೂವರು ಕ್ಯಾನ್ಸರ್ ರೋಗಿಗಳು ಸತ್ತರು. ಆತನಿಗೆ ಶಿಕ್ಷೆಯಾಯಿತು. ಗೆರೆ ಎಳೆದ ಕಡೆಯೂ ದಾಟುವವರು ಇರುತ್ತಾರೆ. ಆದರೆ ಗೆರೆ ಇದ್ದರೆ ತಾನೇ ದಾಟಿದವರು ಯಾರೆಂದು ತಿಳಿಯುವುದು?

ತಮಾಷೆ ಏನೆಂದರೆ, 2019ರ ಫೆಬ್ರುವರಿಯಲ್ಲಿ ನಮ್ಮ ಕೇಂದ್ರ ಸರ್ಕಾರವೂ ಅಕ್ಯುಪಂಕ್ಚರನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿ ಎಂದು ಒಪ್ಪಿತು. ಚೀನಾದ ಸೂಜಿಗೆ ದೆಹಲಿಯಲ್ಲಿ ಜಾಗ ಸಿಕ್ಕಿತು. ನಮ್ಮ ಬಿದಿರು ದಬ್ಬೆ ಇನ್ನೂ ಹೊರಗೆ ಜಗಲಿ ಮೇಲೇ ಕೂತಿದೆ.

ಹಳೆಯದೆಲ್ಲ ಹಾಲಲ್ಲ

ನಾಟಿ ವೈದ್ಯರ ಪರ ಮಾತಾಡುವ ನಾವು ಅವರಿಗೂ ಒಂದು ಮಾತು ಹೇಳಲೇಬೇಕು.

1990ರ ದಶಕದ ಶುರುವಿನಲ್ಲಿ ಬೆಲ್ಜಿಯಂ ದೇಶದಲ್ಲಿ ತೂಕ ಇಳಿಸಲು ಚೀನೀ ಗಿಡಮೂಲಿಕೆಯ ಮಾತ್ರೆ ಕೊಟ್ಟರು. ಎರಡು ಬೇರುಗಳ ಹೆಸರು ಹೆಚ್ಚುಕಡಿಮೆ ಒಂದೇ ಥರ ಇದ್ದುದರಿಂದ ಒಂದರ ಬದಲು ಇನ್ನೊಂದು ಸೇರಿತು. ನೂರಕ್ಕೂ ಹೆಚ್ಚು ಜನರ ಕಿಡ್ನಿ ಹಾಳಾಯಿತು, ಬಹುತೇಕರು ಹೆಂಗಸರು. ಕೆಲವರಿಗೆ ಮುಂದೆ ಕ್ಯಾನ್ಸರೂ ಬಂತು. ತಪ್ಪಾಗಿ ಸೇರಿದ ಆ ಬೇರಿನಲ್ಲಿದ್ದ ವಿಷದ ಹೆಸರು ಅರಿಸ್ಟೊಲೋಕಿಕ್ ಆಮ್ಲ.

ಈ ಕಥೆ ನಮಗೇಕೆ ಅಂತೀರಾ? ನಮ್ಮ ಬೇಲಿಯಲ್ಲಿ ಹಬ್ಬುವ ಈಶ್ವರಿ ಬಳ್ಳಿ ಅದೇ ಜಾತಿಗೆ ಸೇರಿದ್ದು. ಅದರಲ್ಲೂ ಅದೇ ಆಮ್ಲ ಇದೆ. ಹಾವು ಕಡಿದರೆ ಅದರ ಬೇರು ಅರೆದು ಕುಡಿಸುವುದು ಹಳೆಯ ಪದ್ಧತಿ. ಕುಡಿದವರು ಬದುಕಿದ್ದೂ ನಿಜ. ಏಕೆಂದರೆ ಕಡಿಯುವ ಹಾವುಗಳಲ್ಲಿ ಹೆಚ್ಚಿನವು ವಿಷದವಲ್ಲ, ವಿಷದ ಹಾವು ಕೂಡ ಪ್ರತಿ ಸಲವೂ ವಿಷ ಬಿಡುವುದಿಲ್ಲ. ಬದುಕಿದವರು ಬೇರಿನ ಹೆಸರು ಹೇಳುತ್ತಾರೆ. ಸತ್ತವರು ಬಂದು ಏನೂ ಹೇಳುವುದಿಲ್ಲ. ನಾಗರ, ಮಂಡಲದ ಹಾವು ಕಡಿದಾಗ ಉಳಿಸುವುದು ಆಸ್ಪತ್ರೆಯಲ್ಲಿ ಕೊಡುವ ವಿಷನಿರೋಧಕ ಇಂಜೆಕ್ಷನ್ ಮಾತ್ರ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಇನ್ನೂ ಬೇರು ಅರೆಯುತ್ತ ಕೂತು ಆ ಒಂದು ಗಂಟೆ ಕಳೆಯುವವರನ್ನು ನಾವು ಬೆಂಬಲಿಸುವುದಿಲ್ಲ.

ಕಾಮಾಲೆಯೂ ಅಷ್ಟೇ. ನೀರಿನಿಂದ ಬರುವ ಕಾಮಾಲೆಯಲ್ಲಿ ಹೆಚ್ಚಿನದು ಪಥ್ಯ, ವಿಶ್ರಾಂತಿಯಲ್ಲೇ ಕೆಲವು ವಾರಕ್ಕೆ ವಾಸಿಯಾಗುತ್ತದೆ. ಆದರೆ ಪಿತ್ತನಾಳ ಕಟ್ಟಿಕೊಂಡು ಬಂದ ಕಾಮಾಲೆಗೂ, ಲಿವರ್ ಕೆಟ್ಟು ರೋಗಿ ಮಂಕಾದ ಕಾಮಾಲೆಗೂ ಅದೇ ಸೊಪ್ಪು ಕೊಟ್ಟರೆ ಜೀವ ಹೋಗುತ್ತದೆ. ಅದೆಲ್ಲವನ್ನೂ ಕಣ್ಣಿನ ಹಳದಿಯೊಂದರಿಂದಲೇ ಹೇಳಲು ಆಗುವುದಿಲ್ಲ, ರಕ್ತ ಪರೀಕ್ಷೆ ಬೇಕು.

"ಗುಟ್ಟು ಬಿಟ್ಟುಕೊಟ್ಟರೆ ಔಷಧಿಯ ಗುಣ ಹೋಗುತ್ತದೆ" ಎಂದು ಎಷ್ಟೋ ಹಿರಿಯರು ನಮ್ಮ ಹತ್ತಿರ ಹೇಳಿದರು. ಅವರ ಭಯ ನಮಗೆ ಅರ್ಥವಾಗುತ್ತದೆ. ಕಂಪನಿಯವರು ಬಂದು ಕೇಳಿಕೊಂಡು ಹೋಗಿ ದುಡ್ಡು ಮಾಡುತ್ತಾರೆ ಎಂಬ ಭಯ ಸುಳ್ಳಲ್ಲ. ಆದರೆ ಪೊಟ್ಟಣದಲ್ಲಿ ಏನಿದೆ ಎಂದು ಗೊತ್ತಿಲ್ಲದಿದ್ದರೆ ರೋಗಿಗೆ ವಾಂತಿಯಾದ ರಾತ್ರಿ ಆಸ್ಪತ್ರೆ ಡಾಕ್ಟರಿಗೂ ದಾರಿ ತೋಚುವುದಿಲ್ಲ. ಇದೇ ಗುಟ್ಟಿನ ಮರೆಯಲ್ಲಿ ಮಂಡಿನೋವಿನ ಪುಡಿಗೆ ಸ್ಟೀರಾಯ್ಡ್ ಮಾತ್ರೆ ಅರೆದು ಸೇರಿಸುವ ಕಳ್ಳರೂ ಬದುಕುತ್ತಿದ್ದಾರೆ. ಪುಡಿ ತಿಂದ ಮೂರೇ ದಿನಕ್ಕೆ ನೋವು ಮಾಯವಾದರೆ ಖುಷಿಪಡಬೇಡಿ, ಅನುಮಾನ ಪಡಿ.

ಡಾಕ್ಟರುಗಳಿಗೆ ನಮ್ಮ ಉತ್ತರ

"ಮಾನ್ಯತೆ ಕೊಟ್ಟರೆ ನಕಲಿ ಡಾಕ್ಟರುಗಳಿಗೆ ಲೈಸೆನ್ಸ್ ಕೊಟ್ಟಂತೆ" ಎಂದು ಕೆಲವು ಡಾಕ್ಟರುಗಳು ಹೇಳುತ್ತಾರೆ. ಕತ್ತಿಗೆ ಸ್ಟೆತಸ್ಕೋಪ್ ಹಾಕಿಕೊಂಡು, ಎಲ್ಲ ಜ್ವರಕ್ಕೂ ಇಂಜೆಕ್ಷನ್ ಚುಚ್ಚಿ ಗ್ಲೂಕೋಸ್ ಏರಿಸುವವನು ನಕಲಿ ಡಾಕ್ಟರ್. ಅವನನ್ನು ಜೈಲಿಗೆ ಹಾಕಿ, ನಾವೂ ಜೊತೆಗಿರುತ್ತೇವೆ. ತನ್ನನ್ನು ಡಾಕ್ಟರ್ ಎಂದು ಎಂದೂ ಕರೆದುಕೊಳ್ಳದೆ ಉಳುಕಿಗೆ ಎಣ್ಣೆ ಹಚ್ಚುವ ಅಜ್ಜಿಯನ್ನು ಅದೇ ಮೂಟೆಗೆ ತುಂಬಬೇಡಿ.

ಇನ್ನು, ಮಾನ್ಯತೆ ಕೊಡದೆ ಇದ್ದುದರಿಂದ ಏನು ನಿಂತಿದೆ? ಸಂತೆ ದಿನ ಹೋಗಿ ನೋಡಿ. ಪುತ್ತೂರು ಕಟ್ಟಿನ ಬೋರ್ಡುಗಳನ್ನು ನೋಡಿ. ಜನ ಹೋಗುತ್ತಲೇ ಇದ್ದಾರೆ. ಬಸ್ ಚಾರ್ಜು, ಸ್ಕ್ಯಾನಿಂಗ್ ದುಡ್ಡು, ಒಂದು ದಿನದ ಕೂಲಿ ಎಲ್ಲ ಲೆಕ್ಕ ಹಾಕಿಯೇ ಹೋಗುತ್ತಾರೆ. ಅವರನ್ನು ದಡ್ಡರು ಎನ್ನುವುದು ಸುಲಭ. ಹೋದ ಜಾಗ ಸುರಕ್ಷಿತವಾಗಿರುವಂತೆ ಮಾಡುವುದು ಕೆಲಸ.

ನಾವು ಕೇಳುವುದು ಇಷ್ಟು

ಮಾದರಿ ನಮ್ಮಲ್ಲೇ ಇದೆ. ಭಾರತೀಯ ಗುಣಮಟ್ಟ ಮಂಡಳಿ, ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆಯ ಜೊತೆ ಸೇರಿ ನಾಟಿ ವೈದ್ಯರಿಗೆ ಪ್ರಮಾಣಪತ್ರದ ಯೋಜನೆ ಮಾಡಿತು. ಮೂಳೆ ಕಟ್ಟುವುದು, ಕಾಮಾಲೆ, ಸೂಲಗಿತ್ತಿ ಕೆಲಸ ಹೀಗೆ ಒಂದೊಂದಕ್ಕೂ ಬೇರೆ ಬೇರೆ ಪರೀಕ್ಷೆ. ಕೊರತೆ ಒಂದೇ: ಆ ಪತ್ರಕ್ಕೆ ಕಾನೂನಿನ ಬಲವಿಲ್ಲ. ಗೋಡೆಗೆ ತೂಗುಹಾಕಬಹುದು, ಅಷ್ಟೇ.

ರಾಜ್ಯ ಸರ್ಕಾರ ಅದಕ್ಕೆ ಬಲ ಕೊಡಲಿ. ಪರೀಕ್ಷೆ ಕನ್ನಡದಲ್ಲಿ, ಬಾಯಿಮಾತಿನಲ್ಲಿ ನಡೆಯಲಿ. ಒಬ್ಬ ಸರ್ಕಾರಿ ಡಾಕ್ಟರ್, ಒಬ್ಬ ಆಯುರ್ವೇದ ಡಾಕ್ಟರ್, ಒಬ್ಬ ಹಿರಿಯ ನಾಟಿ ವೈದ್ಯ ಕೂತು ನೋಡಲಿ. ಪಾಸಾದವರಿಗೆ ಯಾವ ಕಾಯಿಲೆಗೆ ಎಂದು ಬರೆದ ಕಾರ್ಡು ಕೊಡಲಿ. ಮುಟ್ಟಬಾರದ್ದನ್ನು ದೊಡ್ಡ ಅಕ್ಷರದಲ್ಲಿ ಬರೆಯಲಿ: ಹಾವು ಕಡಿತ, ಎದೆನೋವು, ಮೂಳೆ ಹೊರಬಂದ ಗಾಯ, ಬೆರಳು ತಣ್ಣಗಾದ ಕೈಕಾಲು, ಬಸುರಿಯ ರಕ್ತಸ್ರಾವ, ಮಗುವಿನ ಫಿಟ್ಸ್. ಪೊಟ್ಟಣದ ಮೇಲೆ ಗಿಡದ ಹೆಸರು ಬರೆಯುವುದು ಕಡ್ಡಾಯವಾಗಲಿ. ಇಂಜೆಕ್ಷನ್, ಇಂಗ್ಲಿಷ್ ಮಾತ್ರೆ ಮುಟ್ಟಿದ ದಿನ ಕಾರ್ಡು ರದ್ದಾಗಲಿ.

ನೀವು ಮಾಡಬಹುದಾದದ್ದೂ ಒಂದಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಒಂದು ದಾಖಲಾತಿ ಪುಸ್ತಕ ಇರಬೇಕು. ಊರಿನ ಗಿಡಮರದ ಜೊತೆ ಊರಿನ ನಾಟಿ ವೈದ್ಯರ ಹೆಸರು ಬರೆಯಲೂ ಅದರಲ್ಲಿ ಜಾಗವಿದೆ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಪಿಡಿಒ ಅವರನ್ನು ಕೇಳಿ: ಆ ಪುಸ್ತಕ ಎಲ್ಲಿದೆ, ತೋರಿಸಿ. ನಮ್ಮೂರಿನ ಮದ್ದು ಕೊಡುವವರ ಹೆಸರು ಅದರಲ್ಲಿದೆಯಾ?

ಇಲ್ಲ ಎಂದರೆ ಅಲ್ಲೇ ಕೂತು ಬರೆಸಿ. ಅರಕಲಗೂಡಿನ ಅಜ್ಜನಿಗೆ ಈಗ ಎಂಬತ್ತರ ಹತ್ತಿರ. ಉಗುರು ಒತ್ತಿ ಬಣ್ಣ ನೋಡುವುದನ್ನು ಅವರಿಂದ ಇನ್ನೂ ಯಾರೂ ಕಲಿತಿಲ್ಲ. ಮಗ ಬೆಂಗಳೂರಿನಲ್ಲಿ ಡ್ರೈವರ್. "ಇದ್ಯಾವ ಕೆಲಸ ಅಂತ ಹೇಳ್ಕೊಳ್ಳೋದು, ಲೈಸೆನ್ಸೇ ಇಲ್ಲ" ಅಂತ ಅವನು ಕೇಳಿದನಂತೆ. ಆ ಮಾತಿಗೆ ಅಜ್ಜನ ಹತ್ತಿರ ಉತ್ತರವಿರಲಿಲ್ಲ. ಉತ್ತರ ಕೊಡಬೇಕಾದವರು ಅವರಲ್ಲ, ಶಾಲು ಹೊದಿಸಿದವರು.