ನೀಲಕಂಠದ ರೆಕ್ಕೆಯಲ್ಲಿ ನೀಲಿ ಎಲ್ಲಿದೆ?



ಕರ್ನಾಟಕದ ರಾಜ್ಯಪಕ್ಷಿ ಯಾವುದೆಂದು ರಾಜ್ಯೋತ್ಸವದ ರಸಪ್ರಶ್ನೆಯಲ್ಲಿ ಕೇಳಿದರೆ ‘ನೀಲಕಂಠ’ ಎಂದು ತಟ್ಟನೆ ಹೇಳುತ್ತೀರಿ. ನೋಡಿದ್ದೀರಾ ಎಂದರೆ ಎಷ್ಟು ಕೈಗಳು ಮೇಲೇಳುತ್ತವೋ! ಅದಕ್ಕಾಗಿ ಊರಿಗೇ ಹೋಗಬೇಕೆಂದಿಲ್ಲ. ಚಳಿಗಾಲದ ಬೆಳಿಗ್ಗೆ ಭೋಸರಿಯ ಕಾರ್ಖಾನೆಗಳನ್ನು ದಾಟಿ ಆಳಂದಿ, ಚಾಕಣದ ಕಡೆ ಹೋಗುವಾಗ, ಇನ್ನೂ ಉಳಿದಿರುವ ಹೊಲಗಳ ಪಕ್ಕದ ವಿದ್ಯುತ್ ತಂತಿಗಳ ಮೇಲೆ ಕಣ್ಣಿಟ್ಟಿರಿ. ಕುಳಿತಾಗ ಮಂಕು ಕಂದು ಬಣ್ಣದ ಸಾಧಾರಣ ಹಕ್ಕಿ. ಹಾರಿದ ಕ್ಷಣ ರೆಕ್ಕೆಯಲ್ಲಿ ಎರಡು ಬಗೆಯ ನೀಲಿ ಮಿಂಚುತ್ತದೆ. ಕಂಠದಲ್ಲಿ ನೀಲಿಯೇ ಇಲ್ಲವೆಂಬುದು ಬೇರೆ ಮಾತು. ನಿಮ್ಮ ಮರಾಠಿ ಗೆಳೆಯರು ಹೇಳುವ ‘ನೀಲಪಂಖ’ ಎಂಬ ಹೆಸರೇ ಹೆಚ್ಚು ಸರಿ.

ಈಗ ಒಂದು ಪ್ರಶ್ನೆ. ಆ ಗರಿಯನ್ನು ಕಲ್ಲಿನ ಮೇಲೆ ನುಣ್ಣಗೆ ಅರೆದರೆ ನೀಲಿ ಪುಡಿ ಸಿಗುತ್ತದೆಯೇ? ಅರಿಸಿನ ಕುಟ್ಟಿದರೆ ಹಳದಿ ಪುಡಿ ಸಿಗುವುದಿಲ್ಲವೇ, ಹಾಗೆ? ಸಿಗುವುದಿಲ್ಲ. ಕಂದು ಬಣ್ಣದ ಹೊಟ್ಟು ಉಳಿಯುತ್ತದೆ, ಅಷ್ಟೆ. ಏಕೆಂದರೆ ಗರಿಯಲ್ಲಿ ನೀಲಿ ಬಣ್ಣದ ವಸ್ತುವೇ ಇಲ್ಲ.

ಇದರ ಗುಟ್ಟನ್ನು ಹುಡುಕಿದವರಲ್ಲಿ ಸರ್ ಸಿ. ವಿ. ರಾಮನ್ ಒಬ್ಬರು. 1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಮರುವರ್ಷ ತಾವೇ ಸ್ಥಾಪಿಸಿದ ವಿಜ್ಞಾನ ಅಕಾಡೆಮಿಯ ಪತ್ರಿಕೆಯ ಮೊದಲ ಸಂಪುಟದಲ್ಲಿ ಹಕ್ಕಿಗಳ ಬಣ್ಣದ ಬಗ್ಗೆ ಬರೆದರು. ನೊಬೆಲ್ ಪಡೆದ ವಿಜ್ಞಾನಿ ಪರೀಕ್ಷೆಗೆ ಆರಿಸಿಕೊಂಡದ್ದು ಇದೇ ನೀಲಕಂಠದ ಗರಿಯನ್ನು! ಆಕಾಶ ನೀಲಿಯಾಗಿ ಕಾಣಲು ಕೊಡುವ ವಿವರಣೆ ಈ ಗರಿಗೆ ಸಾಲದು ಎಂದು ಅವರಿಗೆ ಅನಿಸಿತ್ತು.

ಗರಿಯ ಎಳೆಯೊಳಗೆ, ನಮ್ಮ ಉಗುರಿನಲ್ಲಿರುವಂಥದೇ ಕೆರಾಟಿನ್ ಎಂಬ ವಸ್ತು ಸ್ಪಂಜಿನಂತೆ ಇರುತ್ತದೆ. ಅದರ ತುಂಬ ಗಾಳಿಯ ಅತಿ ಸಣ್ಣ ರಂಧ್ರಗಳು. ಅವುಗಳ ನಡುವಿನ ಅಂತರ ಹೇಗಿದೆಯೆಂದರೆ, ಚದುರಿ ಹಿಂದಿರುಗುವ ಬೆಳಕಿನ ಅಲೆಗಳಲ್ಲಿ ನೀಲಿಯವು ಮಾತ್ರ ಒಂದಕ್ಕೊಂದು ಕೂಡಿಕೊಂಡು ಬಲಗೊಳ್ಳುತ್ತವೆ. ಉಳಿದ ಬಣ್ಣಗಳನ್ನು ಕೆಳಗಿರುವ ಕಪ್ಪು ಮೆಲನಿನ್ ನುಂಗಿಬಿಡುತ್ತದೆ. 1998ರಲ್ಲಿ ಅಮೆರಿಕದ ರಿಚರ್ಡ್ ಪ್ರಮ್ ಮತ್ತು ಸಂಗಡಿಗರು ಬೇರೊಂದು ನೀಲಿ ಹಕ್ಕಿಯ ಗರಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಿ, ಈ ಅಲೆಗಳ ಕೂಡಾಟವನ್ನು ಲೆಕ್ಕ ಹಾಕಿ ತೋರಿಸಿದರು.

ಮನೆಯಲ್ಲಿ ದೇವರ ಕೋಣೆಯಲ್ಲೋ ಪುಸ್ತಕದಲ್ಲೋ ಒಂದು ನವಿಲುಗರಿ ಇದ್ದೀತು, ನೋಡಿ. ಅದನ್ನು ತಿರುಗಿಸಿದಂತೆ ಬಣ್ಣ ಬದಲಾಗುತ್ತದೆ. ಕಿಟಕಿಗೆ ಅಡ್ಡ ಹಿಡಿದು, ಹಿಂದಿನಿಂದ ಬರುವ ಬೆಳಕಿನಲ್ಲಿ ನೋಡಿದರೆ ನೀಲಿ ಮಾಯವಾಗಿ ಕಂದು ಕಾಣುತ್ತದೆ. ಅಲ್ಲಿ ಮೆಲನಿನ್ನಿನ ಕಡ್ಡಿಗಳೇ ಜಾಲರಿಯಂತೆ ಜೋಡಣೆಯಾಗಿವೆ.

ಗಿಡಗಳ ದಾರಿ ಬೇರೆ. ಮರಾಠಿಯಲ್ಲಿ ಗೋಕರ್ಣ ಎನ್ನುವ ಶಂಖಪುಷ್ಪದಲ್ಲಿ ನಿಜವಾದ ಬಣ್ಣದ ವಸ್ತುವಿದೆ, ಹೆಸರು ಆಂಥೊಸಯನಿನ್. ಹೂವನ್ನು ಬಿಸಿನೀರಿಗೆ ಹಾಕಿದರೆ ನೀರು ನೀಲಿಯಾಗುತ್ತದೆ, ನಿಂಬೆರಸ ಹಿಂಡಿದರೆ ನೇರಳೆಗೆ ತಿರುಗುತ್ತದೆ. ತಂಗಿ ತಮ್ಮಂದಿರಿಗೆ ಮಾಡಿ ತೋರಿಸಿ, ಜಾದೂಗಾರರೆನಿಸಿಕೊಳ್ಳಿ! ಬಟ್ಟೆಗೆ ಹಾಕುವ ನೀಲಿಯ ಗಿಡವಂತೂ ಇನ್ನೂ ಮೋಜಿನದು. ಎಲೆ ಹಸಿರು, ನೀರಿನಲ್ಲಿ ಕೊಳೆಸಿ, ಆ ನೀರಿಗೆ ಗಾಳಿ ತಗಲಿಸಿದ ಮೇಲೆಯೇ ನೀಲಿ ಹುಟ್ಟುವುದು.

ಮತ್ತೆ ನೀಲಕಂಠಕ್ಕೆ ಬರೋಣ. ದಸರೆಯ ದಿನ ಈ ಹಕ್ಕಿಯ ದರ್ಶನ ಶುಭವೆಂದು ನಮ್ಮ ದೇಶದ ಹಲವು ಕಡೆ ನಂಬಿಕೆ. ಹೊಲದ ಕಡೆ ನಡೆದು ಹೋಗಿ ಅದು ಹಾರುವುದನ್ನು ನೋಡುವುದು ಎಷ್ಟು ಚೆಂದದ ಪದ್ಧತಿ! ಆದರೆ ತೆಲಂಗಾಣ, ಉತ್ತರ ಪ್ರದೇಶದ ಕೆಲವೆಡೆ ಹಬ್ಬಕ್ಕೆ ಮೊದಲೇ ಹಕ್ಕಿಯನ್ನು ಹಿಡಿದು, ಹಾರದಂತೆ ರೆಕ್ಕೆ ಕಟ್ಟಿ, ಪಂಜರದಲ್ಲಿಟ್ಟು ಹಣಕ್ಕೆ ದರ್ಶನ ಮಾಡಿಸುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಇದು ಅಪರಾಧ. ಅನೇಕ ಹಕ್ಕಿಗಳು ಹಬ್ಬ ಮುಗಿಯುವಷ್ಟರಲ್ಲಿ ಹಸಿವು, ಗಾಯಗಳಿಂದ ಸಾಯುತ್ತವೆ. ಮಡಚಿ ಕಟ್ಟಿದ ರೆಕ್ಕೆಯಲ್ಲಿ, ಅವರು ತೋರಿಸಲು ಹೊರಟ ನೀಲಿಯೂ ಸರಿಯಾಗಿ ಕಾಣುವುದಿಲ್ಲ.

2023ರಲ್ಲಿ ಪ್ರಕಟವಾದ ‘ಭಾರತದ ಪಕ್ಷಿಗಳ ಸ್ಥಿತಿಗತಿ’ ವರದಿ ನೀಲಕಂಠದ ಸಂಖ್ಯೆ ಇಳಿಯುತ್ತಿದೆಯೆಂದು ಹೇಳಿ, ಅದರ ಸ್ಥಿತಿಯನ್ನು ಮತ್ತೊಮ್ಮೆ ಪರಿಶೀಲಿಸಬೇಕೆಂದು ಸೂಚಿಸಿದೆ. ನಿಮಗೆ ಕಂಡರೆ ದಿನಾಂಕ, ಸ್ಥಳ ಬರೆದಿಟ್ಟು ಸಂಘಕ್ಕೆ ತಿಳಿಸಿ. ಭೋಸರಿ ಸುತ್ತಲಿನ ಪಟ್ಟಿಯನ್ನು ಮುಂದಿನ ದಸರಾ ಸಂಚಿಕೆಯಲ್ಲಿ ಪ್ರಕಟಿಸೋಣ.